ಒಂದು ಬೆರಳು ಹುಳಿ

ನಾನು ಬಿ.ಎಸ್ಸಿ. ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್. ಮದುವೆಯಾದ ಮೇಲೆ ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ನನಗೇ ನೆನಪಿಲ್ಲ. ಹಾಲಿನವನಿಗೆ ಹೇಳಿಲ್ಲ, ಅಷ್ಟೆ. ತುಮಕೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಎರಡು ವರ್ಷ ಪಾಠ ಮಾಡಿದ್ದೆ. ಆಮೇಲೆ ರೈಲ್ವೆಯಲ್ಲಿರುವ ಗಂಡನ ಹಿಂದೆ ಊರೂರು ಅಲೆದು, ಆರು ವರ್ಷದ ಹಿಂದೆ ತಮಿಳು ಸೀಮೆಯ ಪೋತ್ತನೂರಿಗೆ ಬಂದು ಕ್ವಾರ್ಟರ್ಸ್ ಸೇರಿದೆ. ಚಾಕ್‌ಪೀಸು ಹಿಡಿದ ಕೈಗೆ ಸೌಟು ಬಂದರೂ ಮೇಷ್ಟರ ಗತ್ತು ಮಾತ್ರ ಹೋಗಲಿಲ್ಲ. ಯಾರಾದರೂ ಸಾರಿಗೆ ಹುಣಸೆಹುಳಿ ಜಾಸ್ತಿ ಹಾಕಿದರೆ ಸಾಕು, ಆಮ್ಲದ ಪಾಠ ಶುರು ಮಾಡುತ್ತಿದ್ದೆ.

ಈ ಆರು ವರ್ಷದಲ್ಲಿ ನನ್ನ ತಮಿಳು ತರಕಾರಿ ಚೌಕಾಸಿಯ ಮಟ್ಟಕ್ಕೆ ಬಂದಿತ್ತು. ಓದಲು ಮಾತ್ರ ಕಲಿಯಲಿಲ್ಲ. ಬಸ್ಸಿಗೆ ನಂಬರು ನೋಡಿ ಹತ್ತುತ್ತಿದ್ದೆ, ಔಷಧಿಯ ಅಂಗಡಿಯ ಮುಂದೆ ನಿಂತು ಒಳಗಿನ ಡಬ್ಬಿಗಳನ್ನು ನೋಡಿ ಇದು ಔಷಧಿಯ ಅಂಗಡಿ ಎಂದು ತಿಳಿದುಕೊಳ್ಳುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಓದಿದವಳು ಎಂದು ಇಡೀ ಸಾಲಿಗೆ ಡಂಗುರ ಸಾರಿಕೊಂಡ ಮೇಲೆ, ಎದುರಿನ ಗೋಡೆಯ ಮೇಲೆ ಏನು ಬರೆದಿದೆ ಎಂದು ಕೇಳುವುದು ಹೇಗೆ?

ಆ ಹುಡುಗಿಯ ಅಮ್ಮನ ಪರಿಚಯವಾಗಿದ್ದು ಸೊಪ್ಪಿನ ಗಾಡಿಯ ಹತ್ತಿರ. ಆಕೆ ಮಗಳನ್ನು ಯಾವುದೋ ಕಾರಣಕ್ಕೆ ಬೈಯುತ್ತಿದ್ದಳು. ಬೈಗುಳದ ರಾಗ ಪೂರ್ತಿ ತಮಿಳು, ಮಾತು ಕನ್ನಡ. ನನಗೆ ಆದ ಸಂತೋಷಕ್ಕೆ ಎರಡು ಕಟ್ಟು ಸೊಪ್ಪು ಹೆಚ್ಚಿಗೆ ಕೊಂಡೆ. ವಿಚಾರಿಸಿದರೆ, ತಲೆತಲಾಂತರದಿಂದ ಇಲ್ಲೇ ಇರುವ ನೇಯ್ಗೆಯ ಮನೆತನ. ಆಕೆಯ ಗಂಡ ಮಗ್ಗ ಬಿಟ್ಟು, ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದರು. ಅವರು ಬಣ್ಣ ಹಾಕಿದ ನೂಲು ವೆಳ್ಳಕೋಯಿಲ್ ಕಡೆಯ ಮಗ್ಗಗಳಿಗೆ ಹೋಗುತ್ತಿತ್ತು. ಮಗಳು ಸರ್ಕಾರಿ ಶಾಲೆಯಲ್ಲಿ ತಮಿಳು ಮಾಧ್ಯಮದ ಪ್ಲಸ್ ಟೂ. ಬಟ್ಟೆಯ ರಸಾಯನದ ಎಂಜಿನಿಯರಿಂಗ್ ಓದಬೇಕೆಂದು ಅವಳ ಆಸೆ. ಊರಿನಲ್ಲೇ ಒಂದು ಸರ್ಕಾರಿ ಕಾಲೇಜಿತ್ತು, ಮನೆಯಿಂದ ಹೋಗಿ ಬರಬಹುದಿತ್ತು. ಅದಕ್ಕೆ ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕ ಬರಬೇಕು. ಅರ್ಧ ಅಂಕಕ್ಕೂ ಸೀಟು ತಪ್ಪುತ್ತದೆ ಎಂದು ಆ ಅಮ್ಮ ಸೊಪ್ಪಿನ ಗಾಡಿಯ ಮುಂದೆ ನಿಂತೇ ನನಗೆ ವಿವರಿಸಿದಳು. ನಾನು ಎಂದಿನಂತೆ ನನ್ನ ಫಸ್ಟ್ ಕ್ಲಾಸಿನ ಸಂಗತಿ ಹೇಳಿದೆ. ಮಾರನೆಯ ದಿನ ಮಧ್ಯಾಹ್ನದಿಂದಲೇ ಹುಡುಗಿ ಒಂದು ಚೀಲ ನುಗ್ಗೆಕಾಯಿಯ ಜೊತೆ ನಮ್ಮ ಮನೆಗೆ ಬರತೊಡಗಿದಳು.

ಪರೀಕ್ಷೆಗೆ ಇನ್ನು ಹದಿನೈದು ದಿನ ಇತ್ತು. ಹೊಸದಾಗಿ ಕಲಿಸುವ ಸಮಯ ಅದಲ್ಲ, ತಿರುವಿ ಹಾಕುವ ಸಮಯ. ನಾನೊಂದು ನಿಯಮ ಮಾಡಿದೆ. ಒಂದು ಪಾಠಕ್ಕೆ ಒಂದೇ ಹಾಳೆ. ಪಾಠದ ಬೇರು ಯಾವುದೋ ಅದು ಮಾತ್ರ ಹಾಳೆಯ ಮೇಲೆ ಬರಬೇಕು, ಉಳಿದದ್ದು ತಲೆಯಲ್ಲಿ. ಅವಳು ಪುಸ್ತಕದ ಸಾಲನ್ನು ತಮಿಳಿನಲ್ಲಿ ಓದುವುದು, ಅವಳ ಕನ್ನಡದಲ್ಲಿ ನನಗೆ ಹೇಳುವುದು, ನಾನು ನನ್ನ ಕನ್ನಡದಲ್ಲಿ ವಿವರಿಸುವುದು, ಅವಳು ತಿರುಗಿ ತಮಿಳಿನಲ್ಲಿ ಬರೆದುಕೊಳ್ಳುವುದು. ಸೂತ್ರ, ಸಮೀಕರಣ ಇಬ್ಬರಿಗೂ ಒಂದೇ ಆದ್ದರಿಂದ ಗಾಡಿ ಓಡುತ್ತಿತ್ತು. ಪುಸ್ತಕವನ್ನು ಅವಳೇ ಓದಲಿ, ಓದಿದರೆ ಬಾಯಿಗೆ ಬರುತ್ತದೆ ಎಂದು ನಾನು ಮೊದಲ ದಿನವೇ ಹೇಳಿಬಿಟ್ಟಿದ್ದೆ. ಅದು ಉಪಾಧ್ಯಾಯರ ಜಾಣತನದಂತೆ ಕಾಣುತ್ತಿತ್ತು. ನಿಜವಾದ ಕಾರಣ ನನಗೊಬ್ಬಳಿಗೇ ಗೊತ್ತಿತ್ತು.

ಪಾಠ ಚೆನ್ನಾಗಿಯೇ ನಡೆಯಿತು, ಸುಳ್ಳು ಹೇಳಬಾರದು. ವೇಗವರ್ಧಕ ಎಂದರೆ ಮದುವೆ ಮಾಡಿಸುವ ದಲ್ಲಾಳಿ ಇದ್ದಂತೆ, ಗಂಡು ಹೆಣ್ಣು ಕೂಡಿಸಿ, ಊಟ ಮಾಡಿ, ತಾನು ಮಾತ್ರ ಬಂದ ಹಾಗೇ ಎದ್ದು ಹೋಗುತ್ತಾನೆ ಎಂದೆ. ಅವಳು ನಕ್ಕು ಅದನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡಳು. ಚುರುಕು ಹುಡುಗಿ. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಕೇಳುತ್ತಿರಲಿಲ್ಲ. ಬಹಳ ವರ್ಷಗಳ ನಂತರ ಒಬ್ಬರು ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದಾರೆ ಎಂಬ ಹಿಗ್ಗು ನನಗೆ. ಆ ಹಿಗ್ಗಿನಲ್ಲಿ ನಾಲಿಗೆ ಸ್ವಲ್ಪ ಸಡಿಲವಾಯಿತು.

ಒಂದು ದಿನ, ಎಲ್ಲ ಸರಿ, ನಿನ್ನ ಹೆಸರು ಕನ್ನಡದಲ್ಲಿ ಬರಿ ನೋಡೋಣ ಎಂದೆ. ಅವಳಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಬರೆದು ತೋರಿಸಿದ್ದನ್ನು ನೋಡಿ ನೋಡಿ, ಕೋಲಂ ಹಾಕುವವಳ ಹಾಗೆ ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಮುಗಿಸಿದಳು. ನಾನು ನಕ್ಕೆ. ನಕ್ಕಿದ್ದು ಸಾಲದೆಂದು ಊಟಕ್ಕೆ ಬಂದಿದ್ದ ಗಂಡನನ್ನು ಕರೆದು ತೋರಿಸಿದೆ. 'ನೋಡ್ರೀ, ಮನೆಮಾತು ಕನ್ನಡವಂತೆ, ತನ್ನ ಹೆಸರು ತಾನೇ ಬರೆಯೋಕೆ ಬರಲ್ಲ' ಎಂದೆ. ಗಂಡ ಕೈತೊಳೆಯಲು ಹೋದರು. ಹುಡುಗಿ ಆ ಹಾಳೆಯನ್ನು ಮಡಚಿ ಪುಸ್ತಕದ ಒಳಗೆ ಇಟ್ಟುಕೊಂಡು, ಮುಂದಿನ ಪಾಠದ ಪುಟ ತೆರೆದಳು. ಅವಳ ಕಿವಿಯ ತುದಿ ಕೆಂಪಾಗಿತ್ತು. ಅದು ಕಂಡಿತ್ತು ನನಗೆ. ಬಿಸಿಲಿಗೆ ಇರಬೇಕೆಂದುಕೊಂಡೆ.

ಗುರುವಾರ ಪರೀಕ್ಷೆ. ಆ ಸೋಮವಾರ ನಾವು ಆಮ್ಲ, ಕ್ಷಾರಗಳ ಹಾಳೆ ಮಾಡುತ್ತಿದ್ದೆವು. ಇನ್ನೂ ಎರಡು ಪಾಠ ಬಾಕಿ, ನನಗೆ ಅವಸರ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲವನ್ನೂ ಕಾಸ್ಟಿಕ್ ಸೋಡಾವನ್ನೂ ಸಮಸಮ ಬೆರೆಸಿದರೆ ಸಿಗುವ ದ್ರಾವಣ ಯಾವ ಗುಣದ್ದು ಎಂಬುದು ಪ್ರಶ್ನೆ. ಸಮಕ್ಕೆ ಸಮ ಸೇರಿದರೆ ಎರಡರ ಗುಣವೂ ಹೋಗುತ್ತದೆ, ನೀರಿನ ಹಾಗೆ ತಟಸ್ಥ, ಪಿಎಚ್ ಏಳು, ಬರಕೋ ಎಂದೆ.

ಅವಳು ಬರೆಯಲಿಲ್ಲ. ಪೆನ್ನಿನ ತುದಿಯನ್ನು ಗಲ್ಲಕ್ಕೆ ಒತ್ತಿಕೊಂಡಳು.

'ಅಕ್ಕಾ, ಮನೇಲಿ ಅಪ್ಪಾ ಸಮ ಹಾಕ್ದ ಮ್ಯಾಲೂ ಒಂದು ಬೆರಳು ಹುಳಿ ಜಾಸ್ತಿ ಹಾಕ್ತಾರೆ' ಎಂದಳು. 'ಹಾಕ್ಲಿಲ್ಲಾನ್ನಾ ಅರಿಸ್ನ ನೂಲು ಕೊಂಜ ಸಿವಪ್ಪಾಗೇ ನಿಂತ್ಬಿಡ್ತದೆ.'

ಅವಳ ಅಪ್ಪನ ಕೆಲಸದ ಕ್ರಮ ಹೀಗಿತ್ತು. ಕಾಸ್ಟಿಕ್ ಹಾಕಿದ ಬಣ್ಣದ ನೀರಿನಿಂದ ನೂಲು ತೆಗೆದ ಮೇಲೆ, ಆ ಕಾಸ್ಟಿಕ್ಕಿನ ಗುಣ ಕಳೆಯಲು ನೀರಿಗೆ ಅಸಿಟಿಕ್ ಬೆರೆಸಿ ಜಾಲಿಸುವುದು. ಅಸಿಟಿಕ್ಕಿಗೆ ಅವರು ಹುಳಿ ಎನ್ನುತ್ತಿದ್ದರು. ಕಾಸ್ಟಿಕ್ ಇನ್ನೂ ಉಳಿದಿದೆಯೋ ಇಲ್ಲವೋ ನೋಡಲು ಅರಿಶಿನದಲ್ಲಿ ಅದ್ದಿ ಒಣಗಿಸಿದ ದಾರದ ತುಂಡು. ಕ್ಷಾರ ತಾಗಿದರೆ ಅರಿಶಿನ ಕೆಂಪಾಗುತ್ತದೆ, ಅವಳ ಮಾತಿನಲ್ಲಿ ಸಿವಪ್ಪಾಗುತ್ತದೆ, ಇದು ನಮ್ಮ ಎಲ್ಲರ ಮನೆಯಲ್ಲೂ ಆರತಿಯ ತಟ್ಟೆಯಲ್ಲಿ ಸುಣ್ಣ ಬೆರೆಸಿದಾಗ ಕಾಣುವ ಸಂಗತಿಯೇ. ಅಳತೆಗೆ ಸರಿಯಾಗಿ ಹುಳಿ ಹಾಕಿದ ಮೇಲೂ ಲೋಟದಲ್ಲಿ ಒಂದು ಬೆರಳಿನಷ್ಟು ಹೆಚ್ಚಿಗೆ ಹಾಕಬೇಕು, ಆಗಲೇ ದಾರ ಹಳದಿಯಾಗಿ ನಿಲ್ಲುವುದು ಎಂದು ಅವಳ ಅಪ್ಪನಿಗೆ ಕೆಲಸ ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರಂತೆ.

'ಕೆಮಿಸ್ಟ್ರೀನ ಅರಿಶಿನದ ದಾರದಿಂದ ಕಲಿಯೋದಲ್ಲ ಕಣಮ್ಮ' ಎಂದು ನಾನು ನಕ್ಕೆ. ಅಳತೆ ಸರಿಯಿರಲಿಕ್ಕಿಲ್ಲ, ಲೋಟ ತೊಳೆದಿರಲಿಕ್ಕಿಲ್ಲ ಎಂದೆ.

ಅವಳು ನಿಧಾನವಾಗಿ ಪುಸ್ತಕ ತೆರೆದು ನನ್ನ ಮಡಿಲ ಮೇಲಿಟ್ಟಳು. 'ಪುಸ್ತಗದಲ್ಲೂ ಅಂಗೇ ಹಾಕವ್ರೆ ಅಕ್ಕಾ' ಎಂದು ಒಂದು ಕಡೆ ಬೆರಳಿಟ್ಟು ತೆಗೆದಳು.

ಆಗ ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ಓದಲು ಬರುವುದಿಲ್ಲ, ಓದಿ ಹೇಳು ಎನ್ನಬಹುದಿತ್ತು. ಹತ್ತು ದಿನದಿಂದ ಅದನ್ನೇ ಮಾಡುತ್ತಿದ್ದೆವಲ್ಲ. ಆದರೆ ಅಷ್ಟು ದಿನ ಅವಳು ಓದಿದ್ದು ಪಾಠಕ್ಕಾಗಿ, ಈಗ ಓದಿದರೆ ಅದು ನನ್ನ ತಪ್ಪು ತೋರಿಸುವುದಕ್ಕಾಗಿ. ನಾನು ಕನ್ನಡಕ ಸರಿಮಾಡಿಕೊಂಡೆ. ಪುಸ್ತಕವನ್ನು ಸ್ವಲ್ಪ ಎತ್ತಿ ಹಿಡಿದೆ. ಉರುಟುರುಟಾದ ಆ ಅಕ್ಷರಗಳ ಮೇಲೆ ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ ಕಣ್ಣಾಡಿಸಿದೆ. ತುಟಿಯನ್ನೂ ಸ್ವಲ್ಪ ಅಲ್ಲಾಡಿಸಿದೆ. ಇದನ್ನು ಬರೆಯುವಾಗಲೂ ನನ್ನ ಮೈ ಹಿಡಿಯಾಗುತ್ತದೆ.

ಇದು ಬೇರೆ ಸಂದರ್ಭಕ್ಕೆ ಹೇಳಿದ್ದು, ಮೇಲಿನ ಸಾಲು ಸರಿಯಾಗಿ ಓದಿಕೊಂಡರೆ ಗೊತ್ತಾಗುತ್ತದೆ ಎಂದು ಪುಸ್ತಕ ಮುಚ್ಚಿ ಕೊಟ್ಟೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಹಾಳೆಯ ಮೇಲೆ ಏಳು ಎಂದು ಬರೆದು, ಅದರ ಸುತ್ತ ಒಂದು ಚೌಕ ಹಾಕಿದಳು.

ಅವಳು ಹೋದ ಮೇಲೆ ಕಾಫಿ ಕುಡಿದೆ. ಕಾಫಿ ರುಚಿಸಲಿಲ್ಲ. ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಿ, ಕಾಲೇಜಿನ ನೋಟ್ ಪುಸ್ತಕ ಹುಡುಕಿದೆ. ಸಿಗದಿರಲಿ ಎಂದು ಬೇಡಿಕೊಳ್ಳುತ್ತಾ ಹುಡುಕಿದೆ, ಸಿಕ್ಕಿಬಿಟ್ಟಿತು. ನನ್ನದೇ ಗುಂಡು ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದಿತ್ತು. ಹುಳಿ ದುರ್ಬಲ, ಕ್ಷಾರ ಪ್ರಬಲವಾದರೆ ಸಮಕ್ಕೆ ಸಮ ಬೆರೆತ ಮೇಲೂ ದ್ರಾವಣ ಕ್ಷಾರದ ಕಡೆಗೇ ಇರುತ್ತದೆ. ಪಿಎಚ್ ಏಳಕ್ಕಿಂತ ಹೆಚ್ಚು. ಹುಟ್ಟಿದ ಉಪ್ಪು ನೀರಿನ ಜೊತೆ ಸೇರಿ ಮತ್ತೆ ಸ್ವಲ್ಪ ಕ್ಷಾರವನ್ನು ಹುಟ್ಟಿಸುತ್ತದೆ. ಪುಸ್ತಕ ಸರಿ. ಹುಡುಗಿ ಸರಿ. ಒಂದು ದಿನವೂ ಕಾಲೇಜಿನ ಮೆಟ್ಟಿಲು ಹತ್ತದ ಅವಳ ಅಪ್ಪ ಸರಿ, ಅವರ ಅರಿಶಿನದ ದಾರ ಸರಿ. ಇಡೀ ಪೋತ್ತನೂರಿನಲ್ಲಿ ತಪ್ಪಿದವಳು ಫಸ್ಟ್ ಕ್ಲಾಸಿನ ನಾನೊಬ್ಬಳೇ.

ಮರೆವು ತಪ್ಪಲ್ಲ, ಎಲ್ಲರಿಗೂ ಆಗುತ್ತದೆ. ಇಪ್ಪತ್ತು ವರ್ಷ ಮುಟ್ಟದಿದ್ದ ವಿದ್ಯೆ. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಓದಿದಂತೆ ನಟಿಸಿದ್ದಕ್ಕೆ ಮಾತ್ರ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ನಾಳೆ ಬಂದ ಕೂಡಲೇ ತಿದ್ದಿಬಿಡುತ್ತೇನೆ, ನಿನ್ನೆ ಅವಸರದಲ್ಲಿ ಹೇಳಿದೆ ಎನ್ನುತ್ತೇನೆ, ಅಷ್ಟಕ್ಕೇ ಮುಗಿಯಿತು ಎಂದು ತೀರ್ಮಾನಿಸಿ ಮಲಗಿದೆ.

ಮಂಗಳವಾರ ಅವಳು ಬಂದಾಗ ಕೈಯಲ್ಲಿ ಒಂದು ಬೆಂಕಿಪೊಟ್ಟಣ. ಒಳಗೆ ಅರಿಶಿನ ದಾರದ ಐದಾರು ತುಂಡು. ಅಕ್ಕ ಓದಿದವರು, ದಾರದಲ್ಲೇ ಏನಾದರೂ ದೋಷವಿದೆಯೇನೋ ನೋಡಲಿ ಎಂದು ಅಪ್ಪ ಕಳಿಸಿದ್ದರು. ಇಷ್ಟು ವರ್ಷ ತಾವು ಹುಳಿಯನ್ನು ದಂಡ ಮಾಡುತ್ತಿದ್ದೆವೋ ಏನೋ, ಇನ್ನು ಸಮಕ್ಕೇ ನಿಲ್ಲಿಸುತ್ತೇವೆ ಎಂದು ಹೇಳಿ ಕಳಿಸಿದ್ದರು. ನಾನು ಪೊಟ್ಟಣವನ್ನು ಕೈಯಲ್ಲಿ ಹಿಡಿದು ನಿಂತೆ. ತಿದ್ದುವ ಮಾತು ಬಾಯಿಯವರೆಗೆ ಬಂತು. ಆದರೆ ಈಗ ತಿದ್ದಿದರೆ ಅದು ಹುಡುಗಿಗೆ ಮಾತ್ರವಲ್ಲ, ಅವಳ ಅಪ್ಪನಿಗೂ ಹೋಗುತ್ತದೆ, ಅಮ್ಮನಿಗೂ, ಸೊಪ್ಪಿನ ಗಾಡಿಗೂ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ಬಾಯಿ ಮುಚ್ಚಿಕೊಂಡೇ ಬಣ್ಣ ಉಳಿಸಿಕೊಂಡೆ. ಪೊಟ್ಟಣವನ್ನು ದೇವರ ಗೂಡಿನ ಪಕ್ಕ ಇಟ್ಟು, ಇವತ್ತು ವಿದ್ಯುತ್ ರಸಾಯನ, ಹಾಳೆ ತೆಗಿ ಎಂದೆ.

ಅವತ್ತು ಸಂಜೆಯವರೆಗೆ ಆ ಪಾಠ ಮಾಡಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಹೊರಡುವಾಗ ಅವಳು ಸೋಮವಾರದ ಹಾಳೆಯನ್ನು ತೆಗೆದು, ಇದೆಲ್ಲ ಸರಿಯಾಗಿದೆಯಲ್ಲಾ ಎಂದು ಕೇಳಿದಳು. ಚೌಕದೊಳಗಿನ ಏಳು ನನ್ನನ್ನೇ ನೋಡುತ್ತಿತ್ತು. ಎಲ್ಲ ಒಂದು ಸಲ ಪುಸ್ತಕದ ಜೊತೆ ಹೋಲಿಸಿ ನೋಡಿಕೋ ಎಂದೆ. ಅದೇ ದೊಡ್ಡ ಸುಳಿವು ಕೊಟ್ಟೆನೆಂದು ನನ್ನ ಲೆಕ್ಕ. ಕಳ್ಳಿಯೊಬ್ಬಳು ಕದ್ದ ಬಟ್ಟಲನ್ನು ಬೇಲಿಯ ಆಚೆ ಎಸೆದು, ಅವರಿಗೇ ಸಿಗಲಿ ಎಂದು ಹಾರೈಸಿದ ಹಾಗಿತ್ತು ನನ್ನ ಧರ್ಮ.

ಬುಧವಾರ ಅವಳು ಬರುವ ದಿನವಲ್ಲ. ಮನೆಯಲ್ಲೇ ಕೂತು ಓದಿಕೊಳ್ಳಲು ಹೇಳಿದ್ದೆ. ನನಗೆ ಕೂರಲಾಗಲಿಲ್ಲ. ಬೆಳಿಗ್ಗೆ ಹತ್ತಕ್ಕೆಲ್ಲಾ ಅವರ ಮನೆಗೆ ನಡೆದು ಹೋದೆ. ಹೇಳಿಯೇ ಬರುವುದು ಎಂದು ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡೆ.

ಅವಳ ಅಪ್ಪ ಶೆಡ್ಡಿನಲ್ಲಿದ್ದರು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಎದ್ದು, ಪ್ಲಾಸ್ಟಿಕ್ ಕುರ್ಚಿಯನ್ನು ಟವೆಲಿನಿಂದ ಒರೆಸಿ ಹಾಕಿದರು. ಅವರ ಬೆರಳುಗಳು ಉಗುರಿನವರೆಗೆ ನೀಲಿ. ಗಳುವಿನ ಮೇಲೆ ನೀಲಿ ನೂಲಿನ ಲಡಿಗಳು ನೇತಾಡುತ್ತಿದ್ದವು. ಕೆಳಗೆ ತೊಟ್ಟಿಯಲ್ಲಿ ಇನ್ನೊಂದಿಷ್ಟು ಲಡಿ. ಹುಡುಗಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಅಮ್ಮ ಕಾಫಿಗೆ ಓಡಿದಳು.

'ನೀವು ಹೇಳ್ದಂಗೇ ಮಾಡ್ದೆ ಅಮ್ಮಾ, ಸಮಕ್ಕೇ ನಿಲ್ಸಿದೆ' ಎಂದರು ಅವರು. 'ಮೂರು ಸಲ ಜಾಲಿಸ್ದೆ. ಅರಿಸ್ನ ನೂಲು ಇನ್ನೂ ಸಿವಪ್ಪೇ ತೋರಿಸ್ತದೆ. ನನ್ನ ಕಣ್ಣೇ ಸರಿ ಇಲ್ವೇನೋ.'

ದಾರವನ್ನು ಬೆಳಕಿಗೆ ಹಿಡಿದು ತೋರಿಸಿದರು. ತೆಳ್ಳಗೆ ಕೆಂಪು ಬಣ್ಣ, ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುವಷ್ಟು ಸ್ಪಷ್ಟ. ಮೂವತ್ತು ವರ್ಷ ಬಣ್ಣವನ್ನೇ ನೋಡಿದ ಕಣ್ಣು ಅದು. ನನ್ನ ಒಂದು ಮಾತಿಗೆ ಆತ ತಮ್ಮ ಕಣ್ಣನ್ನೇ ಅನುಮಾನಿಸುತ್ತಿದ್ದರು. ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತನ್ನು ಶುರು ಮಾಡಬೇಕೆಂದು ಕುರ್ಚಿಯ ತುದಿಗೆ ಸರಿದೆ. ಅಷ್ಟರಲ್ಲಿ ಅಮ್ಮ ಕಾಫಿ ತಂದಳು. ಪಕ್ಕದ ಮನೆಯ ಹೆಂಗಸೂ ಕುತೂಹಲಕ್ಕೆ ಜೊತೆಗೆ ಬಂದಳು. ಇವರೇ ನಮ್ಮ ಹುಡುಗಿಗೆ ಹೇಳಿಕೊಡುವ ಅಕ್ಕ, ದೊಡ್ಡ ಓದು ಓದಿದವರು ಎಂದು ಅಮ್ಮ ಆಕೆಗೆ ತಮಿಳಿನಲ್ಲಿ ಪರಿಚಯಿಸಿದಳು. ಹುಡುಗಿ ಮೆಟ್ಟಿಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

'ಹುಳಿ ಹಳೇದಿರಬೇಕು' ಎಂದೆ ನಾನು. 'ಅಂಗಡಿಯವನು ನೀರು ಬೆರೆಸಿರ್ತಾನೆ.'

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಯನ್ನು ಬೇರೆಯವರಿಗೆ ಎಷ್ಟು ಸಲ ಹೇಳಿದ್ದೆನೋ, ಅವತ್ತು ನಾನೇ ಅದರೊಳಗೆ ಹೋಗಿ ಕೂತೆ. ಆತ ತಲೆಯಾಡಿಸಿದರು. ಇದ್ದರೂ ಇರಬಹುದು, ಬೇರೆ ಅಂಗಡಿ ನೋಡುತ್ತೇನೆ ಎಂದರು. ಪಾಪ, ಅದುವರೆಗೂ ಆ ಅಂಗಡಿಯವನ ಮೇಲೆ ಅವರಿಗೆ ಯಾವ ಸಂಶಯವೂ ಇರಲಿಲ್ಲ.

ಹೊರಡುವಾಗ ಅಮ್ಮ ನನ್ನ ಹಣೆಗೆ ಕುಂಕುಮ ಇಟ್ಟು, ಪರೀಕ್ಷೆ ಮುಗಿದ ಮೇಲೆ ಆನೈಮಲೈಗೆ ಹೋಗಿ ಮಾಸಾಣಿ ಅಮ್ಮನಿಗೆ ಹರಕೆ ಒಪ್ಪಿಸಬೇಕು, ನೀವೂ ಬನ್ನಿ ಎಂದಳು. ಆ ಗುಡಿಯ ವಿಷಯ ನನಗೆ ಗೊತ್ತಿತ್ತು. ಮೋಸಹೋದವರು ಅಲ್ಲಿ ಕೆಂಪು ಮೆಣಸಿನಕಾಯಿ ಅರೆದು ದೇವಿಗೆ ಹಚ್ಚಿ ನ್ಯಾಯ ಕೇಳುತ್ತಾರೆ. ಆಕೆ ಹೇಳಿದ್ದು ಬರೀ ಹರಕೆಯ ಮಾತು, ಮೆಣಸಿನಕಾಯಿಯ ಹೆಸರೂ ಎತ್ತಿರಲಿಲ್ಲ. ನನಗೆ ಮಾತ್ರ ಮನೆಯವರೆಗೂ ಕಣ್ಣು ಉರಿದಂತಾಗುತ್ತಿತ್ತು.

ಅವತ್ತು ಮಧ್ಯಾಹ್ನವಿಡೀ ಫೋನು ಕೈಯಲ್ಲಿತ್ತು. ಕನ್ನಡದಲ್ಲಿ ಮೆಸೇಜು ಬರೆದರೆ ಅವಳಿಗೆ ಓದಲು ಬರುವುದಿಲ್ಲ. ತಮಿಳಿನಲ್ಲಿ ಬರೆಯಲು ನನಗೆ ಬರುವುದಿಲ್ಲ. ಫೋನ್ ಮಾಡಿ ಮಾತಾಡಬಹುದಿತ್ತು, ಅದಕ್ಕೆ ಯಾವ ಅಕ್ಷರವೂ ಬೇಕಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ಮಗುವಿನ ಮನಸ್ಸು ಕೆಡಿಸಬಾರದು ಎಂಬ ಒಳ್ಳೆಯ ಕಾರಣವೊಂದು ಅಷ್ಟರಲ್ಲಿ ನನಗೆ ಸಿಕ್ಕಿತು. ನನ್ನ ತಲೆ ಕಾರಣ ಹುಡುಕುವುದರಲ್ಲಿ ಇವತ್ತಿಗೂ ಫಸ್ಟ್ ಕ್ಲಾಸೇ. ಅಷ್ಟು ಪಾಠದಲ್ಲಿ ಆ ಒಂದು ಪ್ರಶ್ನೆಯೇ ಯಾಕೆ ಬಂದೀತು ಎಂದು ಸಮಾಧಾನ ಮಾಡಿಕೊಂಡೆ.

ಬಂತು.

ಗುರುವಾರ ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಗೇಟಿನ ಸದ್ದಾಯಿತು. ಯೂನಿಫಾರ್ಮಿನಲ್ಲೇ ಬಂದಿದ್ದಳು, ಮನೆಗೂ ಹೋಗಿರಲಿಲ್ಲ. ಚಪ್ಪಲಿ ಬಿಡದೆ ಮೆಟ್ಟಿಲ ಕೆಳಗೇ ನಿಂತಳು. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದಿದ್ದಳು. ಹೇಗಿತ್ತು ಎಂದು ನಾನು ಕೇಳುವ ಮೊದಲೇ ಅವಳೇ ಹೇಳಿದಳು. ಅಸಿಟಿಕ್ಕು ಕಾಸ್ಟಿಕ್ಕು ಸಮ ಬೆರೆಸಿದರೆ ದ್ರಾವಣದ ಗುಣ ಏನು, ಕಾರಣ ಕೊಟ್ಟು ವಿವರಿಸಿ ಎಂದು ಐದು ಅಂಕಕ್ಕೆ ಬಂದಿತ್ತು. ಮೊದಲು ನಾನು ಹೇಳಿದಂತೆ ಏಳು ಎಂದು ಪೂರ್ತಿ ಬರೆದಳಂತೆ. ಬರೆದ ಮೇಲೆ ಮುಂದಕ್ಕೆ ಹೋಗಲು ಮನಸ್ಸು ಬರಲಿಲ್ಲವಂತೆ. ಆಮೇಲೆ ಅಷ್ಟನ್ನೂ ಹೊಡೆದುಹಾಕಿ ಬೇರೆ ಬರೆದಳಂತೆ. ಅದರಲ್ಲಿ ಹೊತ್ತು ಹೋಗಿ ಕೊನೆಯ ಪ್ರಶ್ನೆ ಅರ್ಧಕ್ಕೇ ನಿಂತಿತಂತೆ.

'ನಿಮ್ಮ ಮಾತು ಮೀರ್ಬಿಟ್ಟೆ ಅಕ್ಕಾ' ಎಂದಳು. 'ಅಪ್ಪಾರ ನೂಲು ಕಣ್ಣು ಮುಂದೇ ಬಂದು ನಿಂತ್ಕೊಂತು. ಸೋಡಾ ಗುಣಾನೇ ಜಾಸ್ತೀಂತ ಬರದ್ಬಿಟ್ಟೆ. ತಪ್ಪಾಗಿದ್ರೆ ಬೈಬೇಡಿ.'

ಅವಳ ಕಣ್ಣಲ್ಲಿ ನೀರಿತ್ತು. ನನ್ನ ಹತ್ತಿರ ಕ್ಷಮೆ ಕೇಳಲು ಆ ಬಿಸಿಲಿನಲ್ಲಿ ನಡೆದು ಬಂದಿದ್ದಳು. ನಾನು ಏನು ಮಾಡಿದೆ ಎಂದು ಬರೆಯದಿದ್ದರೆ ಇಷ್ಟೆಲ್ಲ ಬರೆದು ಪ್ರಯೋಜನವಿಲ್ಲ. ನಾನು ಅವಳನ್ನು ಕ್ಷಮಿಸಿದೆ. ಹೋಗಲಿ ಬಿಡು, ಒಂದು ಪ್ರಶ್ನೆ ತಾನೇ, ಪರವಾಗಿಲ್ಲ ಎಂದೆ. ದೊಡ್ಡ ಮನಸ್ಸಿನವಳ ಹಾಗೆ ಅವಳ ತಲೆಯ ಮೇಲೆ ಕೈಯನ್ನೂ ಇಟ್ಟೆ. ಅವಳು ಕಣ್ಣೊರೆಸಿಕೊಂಡು, ತಲೆಯಾಡಿಸಿ, ಗೇಟಿನ ಕಡೆ ತಿರುಗಿದಳು.

ಕೈ ಅವಳ ತಲೆಯಿಂದ ಕೆಳಗಿಳಿದಾಗ ನನಗೆ ನನ್ನನ್ನು ತಡೆದುಕೊಳ್ಳಲಾಗಲಿಲ್ಲ. ಧೈರ್ಯ ಬಂತೆಂದು ಹೇಳಲಾರೆ. ಅಸಹ್ಯ ಬಂತು. ಕೂಗಿ ಕರೆದೆ. ಅವಳು ಗೇಟಿನ ಚಿಲಕ ಹಿಡಿದುಕೊಂಡೇ ತಿರುಗಿದಳು.

'ನೀನು ಬರೆದಿದ್ದೇ ಸರಿ' ಎಂದೆ. 'ನಾನು ಹೇಳಿದ್ದು ತಪ್ಪು. ಸೋಮವಾರ ಸಂಜೇನೇ ನನಗೆ ಗೊತ್ತಾಗಿತ್ತು. ನೀನು ತೋರಿಸಿದ ಸಾಲು ನಾನು ಓದಲೇ ಇಲ್ಲ. ನನಗೆ ತಮಿಳು ಓದೋಕೆ ಬರಲ್ಲ.'

ಅವಳು ಆಶ್ಚರ್ಯಪಡುತ್ತಾಳೆ ಎಂದುಕೊಂಡಿದ್ದೆ. ಸಿಟ್ಟಾದರೂ ಬರಲಿ ಎಂದು ಕಾಯುತ್ತಿದ್ದೆ. ಅವಳು ತಲೆ ತಗ್ಗಿಸಿದಳು, ತಪ್ಪು ಅವಳದೇ ಎಂಬಂತೆ.

'ಓದಕ್ಕ ಬರಲ್ಲಾಂತ ಅವತ್ತೇ ತಿಳೀತು ಅಕ್ಕಾ' ಎಂದಳು. 'ನಾನು ಬೆರಳಿಟ್ಟಿದ್ದು ಎಡಗಡೆ ಪಕ್ಕದಲ್ಲಿ. ನೀವು ಓದಿದ್ದು ಬಲಗಡೆ ಪಕ್ಕ. ಅದ್ರಲ್ಲಿ ಬರೀ ಬೇರೆ ಪಾಠದ ಕೇಳ್ವಿಗಳು ಇದ್ದವು. ಓದಕ್ಕ ಬರ್ಲಿಲ್ಲಾನ್ನಾ ಏನು, ಅಕ್ಕಂಗೆ ಕೆಮಿಸ್ಟ್ರಿ ಗೊತ್ತಲ್ಲಾಂತ ಬರ್ಕೊಂಡೆ.'

ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

'ನಂಗೆ ಕನ್ನಡ ಬರೆಯಕ್ಕ ಬರಲ್ಲಾಂತ ನೀವು ನಿಮ್ಮನೆ ಅಣ್ಣಂಗೆ ಕರೆದು ತೋರ್ಸಿದ್ರಲ್ಲಾ, ಅವತ್ತು ರೊಂಬ ನಾಚಿಕೆ ಆಯ್ತು. ನಿಮಗೂ ಅಂಗೆ ಆಗ್ಬಾರ್ದೂಂತ.'

ಇಷ್ಟು ಹೇಳಿ, ಊಟ ಮಾಡಿಲ್ಲ, ಅಮ್ಮ ಕಾಯುತ್ತಿರುತ್ತಾರೆ ಎಂದು ಹೊರಟುಹೋದಳು. ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು.

ನಾನು ಅವತ್ತೇ ಸಂಜೆ ಶೆಡ್ಡಿಗೆ ಹೋಗಿ ಅವಳ ಅಪ್ಪನಿಗೂ ಹೇಳಿದೆ. ಹುಳಿ ಹಳೆಯದಲ್ಲ, ಅಂಗಡಿಯವನು ನೀರು ಬೆರೆಸಿಲ್ಲ, ನಿಮ್ಮ ಕಣ್ಣು ಸರಿಯಿದೆ, ನನ್ನ ಮಾತು ತಪ್ಪು ಎಂದೆ. ಅವರಿಗೆ ನನಗಿಂತ ಹೆಚ್ಚು ಸಂಕೋಚವಾಯಿತು. ಅಯ್ಯೋ ಬಿಡಿ ಎಂದು ಮತ್ತೆ ಕುರ್ಚಿ ಒರೆಸಲು ಹೋದರು. ಆಮೇಲೆ, ಬುಧವಾರ ನಾನು ಅವರ ಮನೆಯಿಂದ ಹೊರಟ ಮೇಲೆಯೇ ಮಗಳು ಬಂದು ಲೋಟದಲ್ಲಿ ಒಂದು ಬೆರಳು ಹುಳಿ ತಾನೇ ಹಾಕಿದಳು, ನೂಲು ಸರಿಯಾಯಿತು ಎಂದರು.

ಫಲಿತಾಂಶ ಬಂತು. ಕೆಮಿಸ್ಟ್ರಿಯಲ್ಲಿ ಒಳ್ಳೆಯ ಅಂಕವೇ. ಆದರೆ ಊರಿನ ಸರ್ಕಾರಿ ಕಾಲೇಜಿನ ಸೀಟು ಕೂದಲೆಳೆಯಲ್ಲಿ ತಪ್ಪಿತು. ಈಗ ಅವಳು ಅದೇ ಓದನ್ನು ತಿರುಪ್ಪೂರಿನ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದಾಳೆ. ದಿನಾ ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು, ಎರಡು ಬಸ್ಸು ಬದಲಿಸಬೇಕು. ಅರ್ಧಕ್ಕೆ ನಿಂತ ಆ ಕೊನೆಯ ಪ್ರಶ್ನೆಯಿಂದಲೇ ಹೀಗಾಯಿತೆಂದು ಯಾರೂ ಹೇಳಲಿಲ್ಲ. ಫಿಸಿಕ್ಸಿನಲ್ಲೂ ಕಮ್ಮಿ ಬಂದಿತ್ತು ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಬೆಳಿಗ್ಗೆ ಹಾಲು ಕಾಯಿಸುವಾಗ ಗಡಿಯಾರದಲ್ಲಿ ಆರೂವರೆ ಆಗುವುದನ್ನು ನೋಡುತ್ತೇನೆ.

ಭಾನುವಾರಗಳಲ್ಲಿ ಅವಳು ನಮ್ಮ ಮನೆಗೆ ಬರುತ್ತಾಳೆ. ನನಗೆ ತಮಿಳು ಅಕ್ಷರ ಕಲಿಸಿಕೊಡು ಎಂದು ನಾನೇ ಕೇಳಿಕೊಂಡೆ. ಅವಳ ಹಳೆಯ ಕೆಮಿಸ್ಟ್ರಿ ಪುಸ್ತಕವೇ ನಮ್ಮ ಪಾಠದ ಪುಸ್ತಕ. ಒಂದನೆಯ ಕ್ಲಾಸಿನ ಮಗುವಿನ ಹಾಗೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ. ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಮುಗಿಸುತ್ತೇನೆ. ಹೋದ ತಿಂಗಳು ಆ ಎಡಗಡೆಯ ಪುಟಕ್ಕೆ ಬಂದೆವು. ಆ ಒಂದು ಸಾಲು ಓದಿ ಮುಗಿಸಲು ನನಗೆ ಕಾಲು ಗಂಟೆ ಹಿಡಿಯಿತು, ನಡುವೆ ನಾಲ್ಕು ಕಡೆ ತಪ್ಪಿದೆ. ತಪ್ಪಿದ ಕಡೆ ಅವಳು ಬೆರಳಿಟ್ಟು ತೋರಿಸುತ್ತಾಳೆ, ಕಾಯುತ್ತಾಳೆ. ಒಂದು ಸಲವೂ ನಗುವುದಿಲ್ಲ. ಒಂದು ಸಲವಾದರೂ ನಕ್ಕರೆ ನನಗೆ ಎಷ್ಟೋ ಹಗುರಾಗುತ್ತಿತ್ತು.